ಹೋಗುವ ಸಾಲು

ಮಾತಿನಿಂದ ದನಿಯನ್ನು ತೆಗೆದುಬಿಟ್ಟರೆ ಏನು ಉಳಿಯುತ್ತದೆ? ಈ ಪ್ರಶ್ನೆಯನ್ನು ಗುರುಪಾದನಿಗೆ ಮೊದಲೇ ಯಾರಾದರೂ ಕೇಳಿದ್ದರೆ, ಮಾತು ಉಳಿಯುತ್ತದೆ, ಇನ್ನೇನು, ಎಂದುಬಿಡುತ್ತಿದ್ದ. ಆಸಾಮಿ ಇದ್ದದ್ದೇ ಹಾಗೆ. ಎದುರಿಗಿದ್ದವರು ಏನು ಅಂದರು ಎನ್ನುವುದು ಅವನಿಗೆ ಒಂದಕ್ಷರ ತಪ್ಪದೆ ನೆನಪಿರುತ್ತಿತ್ತು. ಯಾಕೆ ಅಂದರು ಎನ್ನುವುದು ಮಾತ್ರ ಮಾರನೆಯ ದಿನ ಸ್ನಾನ ಮಾಡುವಾಗ ಹೊಳೆಯುತ್ತಿತ್ತು. ಧಾರವಾಡದ ನುಡಿಶೋಧ ಕೇಂದ್ರದಲ್ಲಿ ಪ್ರೋಗ್ರಾಮು ಬರೆಯುವ ಕೆಲಸಕ್ಕೆ ಇಷ್ಟು ಬುದ್ಧಿ ಸಾಕಾಗಿತ್ತು. ಸಂಸಾರಕ್ಕೆ ಸಾಲುತ್ತಿರಲಿಲ್ಲ, ಆದರೆ ಅದನ್ನು ಅವನ ಹೆಂಡತಿ ಶಿವಲೀಲಾ ಹೇಗೋ ಸರಿದೂಗಿಸುತ್ತಿದ್ದಳು.

ಶಿವಲೀಲಾ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದಳು. ಅವಳ ಸಂಪತ್ತೆಲ್ಲ ಅವಳ ದನಿಯಲ್ಲಿತ್ತು. "ಹೌದಾ" ಎಂಬ ಒಂದೇ ಪದದಿಂದ ಅವಳು ಒಬ್ಬ ಹುಡುಗನನ್ನು ಹೊಗಳಿ, ಪಕ್ಕದವನನ್ನು ಗದರಿಸಿ, ಹಿಂದಿನ ಬೆಂಚಿನಲ್ಲಿ ನಿದ್ದೆ ಹೋದವನನ್ನು ಎಬ್ಬಿಸಬಲ್ಲವಳಾಗಿದ್ದಳು. ಮನೆಗೆ ಬಂದರೆ ಕೈಯಲ್ಲಿ ಸೂಜಿ, ದಾರ, ಕಸೂತಿ. ಗಂಡ ಪಕ್ಕದಲ್ಲೇ ಕುಳಿತು ತನ್ನ ಪ್ರೋಗ್ರಾಮಿನ ತಪ್ಪು ಹುಡುಕುತ್ತಿದ್ದ. ಇಪ್ಪತ್ತು ವರ್ಷ ಹಾಗೆ ಪಕ್ಕದಲ್ಲಿ ಕುಳಿತವನು ಅವಳ ಕೈಯಲ್ಲಿದ್ದ ಬಟ್ಟೆಯನ್ನು ಒಮ್ಮೆಯೂ ನೆಟ್ಟಗೆ ನೋಡಿರಲಿಲ್ಲ ಎನ್ನುವುದು ಅವನಿಗೆ ಆಮೇಲೆ, ಬಹಳ ತಡವಾಗಿ, ತಿಳಿಯಿತು.

ಮದುವೆಯಾದ ಹೊಸತರಲ್ಲಿ ಒಂದು ಜಗಳವಾಗಿತ್ತು. ಕಾರಣ ಈಗ ಯಾರಿಗೂ ನೆನಪಿಲ್ಲ. ಎರಡು ದಿನ ಮಾತಿಲ್ಲದೆ ಕಳೆದ ಮೇಲೆ ಶಿವಲೀಲಾ ಬಂದು, ಅರ್ಧ ಹೊಲಿದ ಕುಪ್ಪಸದ ಬಟ್ಟೆಯೊಂದನ್ನು ಸೂಜಿ ಸಮೇತ ಅವನ ತೊಡೆಯ ಮೇಲಿಟ್ಟು ಸುಮ್ಮನೆ ನಿಂತಳು. ಗುರುಪಾದ ಅದನ್ನು ತಿರುಗಿಸಿ ನೋಡಿದ. ಕೆಲಸ ಮುಗಿದಿಲ್ಲ, ಎತ್ತಿಡಲು ಕೊಟ್ಟಿದ್ದಾಳೆ ಅಂದುಕೊಂಡ. ನೀಟಾಗಿ ಮಡಿಚಿ ಕಪಾಟಿನಲ್ಲಿಟ್ಟು ಬಂದ. ಶಿವಲೀಲಾ ಅವನ ಮುಖವನ್ನೇ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕು, "ಬಾಳ ಶ್ಯಾಣ್ಯಾ ಅದೀರಿ" ಅಂದಳು. ಅಂದಿನಿಂದ ಮನೆಯಲ್ಲಿ ಅವನ ಹೆಸರೇ ಶ್ಯಾಣ್ಯಾ, ಅಂದರೆ ಜಾಣ, ಎಂದಾಯಿತು. ಬಟ್ಟೆಯನ್ನು ಯಾಕೆ ಕೊಟ್ಟಿದ್ದಳೆಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನಲವತ್ತೈದು ದಾಟುವ ಹೊತ್ತಿಗೆ ಅವಳಿಗೆ ನರಗಳ ಕಾಯಿಲೆ ಹತ್ತಿಕೊಂಡಿತು. ಮೊದಲು ನಾಲಿಗೆ ತೊದಲಿತು, ಆಮೇಲೆ ಬೆರಳುಗಳಿಂದ ಸೂಜಿ ಜಾರತೊಡಗಿತು, ಆಮೇಲೆ ಕಾಲು. ಕಡೆಗೆ ಕಣ್ಣು ತೆರೆದು ಎದುರಿಗಿದ್ದುದನ್ನು ನೋಡುವುದು, ಕೇಳುವುದು, ಇಷ್ಟು ಬಿಟ್ಟರೆ ಅವಳ ಮೈಯಲ್ಲಿ ಅವಳ ಮಾತು ಕೇಳುವ ಒಂದು ಅಂಗವೂ ಉಳಿಯಲಿಲ್ಲ. ರೆಪ್ಪೆ ಕೂಡ ತನ್ನಷ್ಟಕ್ಕೆ ತಾನು ಮುಚ್ಚಿ ತೆರೆಯುತ್ತಿತ್ತೇ ಹೊರತು ಅವಳು ಹೇಳಿದಾಗಲ್ಲ.

ಕೇಂದ್ರದಲ್ಲಿ ಆಗ ತಯಾರಾಗುತ್ತಿದ್ದುದು ನುಡಿಪಟ್ಟಿ. ಹಣೆಯ ಸುತ್ತ ಕಟ್ಟುವ ಒಂದು ಪಟ್ಟಿ, ಅದರೊಳಗೆ ಸಾಲಾಗಿ ಹರಳುಗಳು. ಮನುಷ್ಯ ಮಾತಾಡಬೇಕು ಅಂದುಕೊಂಡಾಗ ಮಿದುಳು ನಾಲಿಗೆಗೆ ಕಳಿಸುವ ಅಪ್ಪಣೆಯನ್ನು ಹರಳುಗಳು ಹೊರಗಿನಿಂದಲೇ ಕೇಳಿಸಿಕೊಂಡು ಅಕ್ಷರವಾಗಿ ಪರದೆಗೆ ಕಳಿಸುತ್ತವೆ. ಒಂದು ಪಟ್ಟಿಗೆ ಬೇಕಾದ ಹರಳು ಬೆಳೆಯಲು ವರ್ಷ ಹಿಡಿಯುತ್ತದೆ, ಹಾಗಾಗಿ ಕೇಂದ್ರದಲ್ಲಿದ್ದುದು ಬೆರಳೆಣಿಕೆಯಷ್ಟು ಪಟ್ಟಿ. ಇನ್ನೊಂದು ತೊಡಕೂ ಇತ್ತು. ಪಟ್ಟಿ ಒಬ್ಬರ ಮಾತನ್ನು ಕಲಿಯಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ, ಬೇರೆಯವರ ಮಾತು ಕಲಿಯತೊಡಗಿದರೆ ಹಿಂದಿನವರದ್ದು ಅಳಿಸಿಹೋಗುತ್ತದೆ. ಗುರುಪಾದ ಇದರ ಪ್ರೋಗ್ರಾಮು ಬರೆದದ್ದು ಊರ ಜನರಿಗಾಗಿ. ತನ್ನ ಮನೆಯ ಮಂಚದ ತನಕ ಅದು ಬರುತ್ತದೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಪಟ್ಟಿ ಕಟ್ಟಿ ಕೆಲವು ವಾರಕ್ಕೆ ಸಪ್ತಾಪುರ ಬಡಾವಣೆಯ ಅವರ ಮನೆಯ ಪರದೆಯ ಮೇಲೆ ಮೊದಲ ಸಾಲು ಮೂಡಿದಾಗ ಗುರುಪಾದ ಅತ್ತುಬಿಟ್ಟ. ನೀರು ಬೇಕು ಎಂದಷ್ಟೇ ಇತ್ತು. ಆದರೆ ಸಂತೋಷ ಬಹಳ ದಿನ ಬಾಳಲಿಲ್ಲ. ಪರದೆಗೆ ದಪ್ಪಕ್ಷರ ಗೊತ್ತಿಲ್ಲ, ಬಣ್ಣ ಗೊತ್ತಿಲ್ಲ, ಹರಳುಗಳು ಕಳಿಸಿದ್ದು ಬೋಳು ಅಕ್ಷರ. ದಿಂಬು ಸರಿಸಿರಿ ಎನ್ನುವುದೂ ನನಗ ಬದುಕು ಸಾಕಾಗೈತಿ ಎನ್ನುವುದೂ ಒಂದೇ ಅಳತೆಯಲ್ಲಿ, ಒಂದೇ ಬಿಳುಪಿನಲ್ಲಿ ಬಂದು ನಿಲ್ಲುತ್ತಿದ್ದವು. ಯಾವುದಕ್ಕೆ ಓಡಬೇಕು, ಯಾವುದಕ್ಕೆ ನಗಬೇಕು ಎಂದು ತಿಳಿಯದೆ ಅವನು ಒದ್ದಾಡಿದ. ಒಂದು ಸಂಜೆ ಅವಳಿಗೆ ಗಂಜಿಯ ಬದಲು ತನ್ನ ಚಹಾ ಕುಡಿಸಲು ಹೋದಾಗ ಪರದೆಯ ಮೇಲೆ ಬಂತು, ಬಾಳ ಶ್ಯಾಣ್ಯಾ ಅದೀರಿ. ಗುರುಪಾದ ಗಂಭೀರವಾಗಿ, "ಹಂಗೇನಿಲ್ಲ ಲೀಲಾ, ಎಲ್ಲಾರೂ ಮಾಡೂದ ಮಾಡಾಕತ್ತೀನಿ" ಅಂದ. ಮಾರನೆಯ ಬೆಳಿಗ್ಗೆ ಸ್ನಾನದ ಹೊತ್ತಿಗೆ ಅವನಿಗೆ ಅರ್ಥವಾಗಿ, ಒದ್ದೆ ಮೈಯಲ್ಲೇ ಓಡಿಬಂದು ಕ್ಷಮೆ ಕೇಳಿದ.

ಆ ವಾರವೇ ಅವನು ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮು, ಬರೆದದ್ದು. ಒಂದು ಪುಟ ಕೂಡ ತುಂಬದಷ್ಟು ಚಿಕ್ಕದು. ಹರಳುಗಳು ಅಕ್ಷರದ ಜೊತೆಗೆ ಇನ್ನೂ ಒಂದನ್ನು ಹಿಡಿಯುತ್ತಿದ್ದವು. ಮಾತಿಗೆ ನಾವು ಕೊಡುವ ಒತ್ತು, ಅಕ್ಷರಕ್ಕೊಂದು ಮಿಡಿತದಂತೆ. ಕೇಂದ್ರದಲ್ಲಿ ಅದನ್ನು ಹೊಟ್ಟು ಎಂದು ತೂರಿಬಿಡುತ್ತಿದ್ದರು. ಗುರುಪಾದ ಅದನ್ನು ಹೆಕ್ಕಿಕೊಂಡ. ಬೋಳು ಅಕ್ಷರಕ್ಕೆ ಅಲಂಕಾರ ಮಾಡಲು ಕೀಲಿಮಣೆಯ ಬೋಳು ಗುರುತುಗಳಷ್ಟೇ ಇದ್ದವು. ಆದ್ದರಿಂದ ಒತ್ತು ಬಿದ್ದ ಪದದ ಕೆಳಗೆ, ಮುಂದಿನ ಸಾಲಿನಲ್ಲಿ, ಆ ಗುರುತುಗಳಿಂದ ಅಂಚು ಎಳೆಯುವಂತೆ ಮಾಡಿದ. ಒತ್ತು ನಡುಗಿದರೆ ಅಂಕುಡೊಂಕು, ಬಿರುಸಾದರೆ ಅಡ್ಡಡ್ಡ ಕತ್ತರಿ, ನಿಧಾನವಾಗಿ ನಿಂತರೆ ನೇರ ಗೆರೆ. ಇದಕ್ಕೆ ಹೆಸರಿಟ್ಟವಳು ಶಿವಲೀಲಾ. ಅಂಕುಡೊಂಕು ಕಸೂತಿಯ ಮುರಗಿ ಹೊಲಿಗೆ, ಕತ್ತರಿ ಮೆಂತಿ, ನೇರ ಗೆರೆ ಗವಂತಿ. ಮುರಗಿ ಅಂದರೆ ಚೇಷ್ಟೆ. ಮೆಂತಿ ಅಂದರೆ ಸಿಟ್ಟು, ಇಲ್ಲವೇ ನೋವು. ಎರಡೂ ಮಿದುಳಿನಲ್ಲಿ ಒಂದೇ ಬಿರುಸು, ಸ್ಕ್ರಿಪ್ಟಿಗೆ ಅವುಗಳ ಫರಕು ತಿಳಿಯುತ್ತಿರಲಿಲ್ಲ, ಮೇಲಿನ ಪದ ನೋಡಿ ನಾವೇ ತಿಳಿದುಕೊಳ್ಳಬೇಕು. ಗವಂತಿ ಅಂದರೆ ಮನಸ್ಸಿನಿಂದ ಹೇಳಿದ್ದು.

ಅವಳು ಮೊದಲು ಪರೀಕ್ಷಿಸಿದ ಪದ ಯಾವುದೆಂದು ಬೇರೆ ಹೇಳಬೇಕಿಲ್ಲ.

ಶ್ಯಾಣ್ಯಾ
/\/\/\/\

ಅಂಚು ಪದವನ್ನು ದಾಟಿ ಎಲ್ಲೋ ಹೋಗಿ ನಿಂತಿತ್ತು. ಕಣ್ಣಿಗೆ ಎರಡೇ ಅಕ್ಷರ, ಆದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಶ ಬೇರೆ, ಅದನ್ನು ಅರ್ಧ ಮಾಡುವ ಗುರುತು ಬೇರೆ, ಯ ಬೇರೆ, ದೀರ್ಘ ಬೇರೆ. ಹಾಗೆ ಎರಡಕ್ಕೆ ಎಂಟಾಗಿತ್ತು. ಒತ್ತಕ್ಷರ ಇಲ್ಲದ ಭಾಷೆಯವರಿಗೆ ಈ ಪೇಚು ಬರುವುದೇ ಇಲ್ಲ. ಪರದೆಯ ಮೇಲೆ ಬಂತು, ಸೆರಗು ನೆಲಾ ಬಳ್ಯಾಕತ್ತೈತಿ, ಸ್ವಲ್ಪ ಮ್ಯಾಲ ಎತ್ರಿ. ಗುರುಪಾದ ನಗುತ್ತ ಕೂತು ತಿದ್ದಿದ. ಅಕ್ಷರ ಎಂದರೆ ಕನ್ನಡದವರು ಎಣಿಸುವ ಅಕ್ಷರ, ಒಂದು ಅಕ್ಷರಕ್ಕೆ ಎರಡು ಗುರುತು. ಈಗ ಶ್ಯಾಣ್ಯಾನ ಕೆಳಗೆ ನಾಲ್ಕೇ ನಾಲ್ಕು ಗುರುತು, ಹೊಲಿದು ಕೂರಿಸಿದಂತೆ ಬಂತು.

ಶ್ಯಾಣ್ಯಾ
/\/\

ಆ ವರ್ಷ ಅವರು ಮೊದಲಿಗಿಂತ ಹೆಚ್ಚು ಮಾತಾಡಿದರು ಎಂದರೆ ಯಾರೂ ನಂಬಲಾರರು. ಗುರುಪಾದನಿಗೆ ಜೀವಮಾನದಲ್ಲಿ ಮೊದಲ ಸಲ ಮಾತಿನ ಜೊತೆಗೆ ಅದರ ಅರ್ಥವನ್ನೂ ಬರೆದು ಕೊಡುವವರು ಸಿಕ್ಕಿದ್ದರು. ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಎಲ್ಲ ರೋಗಿಗಳ ಪರದೆಗಳೂ ಒಂದೇ ಗೋಡೆಯ ಮೇಲಿದ್ದವು. ಹಗಲು ಅವಳ ಬಳಿ ದಾದಿಯೊಬ್ಬಳನ್ನು ಬಿಟ್ಟು, ಅಲ್ಲಿ ಕುಳಿತು ಅವಳ ಸಾಲುಗಳನ್ನು ನೋಡುತ್ತಿದ್ದ, ಅದೇ ಪರದೆಯಲ್ಲಿ ಕೀಲಿ ಒತ್ತಿ ಉತ್ತರ ಬರೆಯುತ್ತಿದ್ದ. ಮನೆಗೆ ಹೋದ ಮೇಲೆ ಬಾಯಲ್ಲಿ ಹೇಳುತ್ತಿದ್ದ. ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಸುನಂದಾ ಹೆಬಸೂರ ಸ್ಕ್ರಿಪ್ಟನ್ನು ಉಳಿದ ಪಟ್ಟಿಗಳಿಗೂ ಹಾಕಿಸಿದರು. ಗದಗಿನ ಕಡೆಯ ಒಬ್ಬ ನಿವೃತ್ತ ಸ್ಟೇಷನ್ ಮಾಸ್ತರರು ತಾವು ಹೇಳಿದ ಪ್ರತಿಯೊಂದು ಪದಕ್ಕೂ ಅಂಚು ಹಾಕತೊಡಗಿದರು, ಅವರ ಪರದೆ ರೈಲು ಹಳಿಯ ಹಾಗೆ ಕಾಣುತ್ತಿತ್ತು. ಇನ್ನೊಬ್ಬ ಹೆಂಗಸು ಗಂಡನಿಗೆ ಹೇಳಿದ ಯಾವುದಕ್ಕೂ ಅಂಚು ಹಾಕಲಿಲ್ಲ, ನಾಯಿಯ ಹೆಸರಿಗೆ ಮಾತ್ರ ತಪ್ಪದೆ ಗವಂತಿ ಹಾಕಿದಳು. ಆ ಗಂಡ ಅದನ್ನು ನೋಡಿ ನೋಡಿ ಸೊರಗಿದ. ದಾದಿಯರು ತಮ್ಮತಮ್ಮಲ್ಲೇ, ಮುರಗಿ ಹಾಕಿ ಹೇಳಬ್ಯಾಡ, ಖರೇ ಹೇಳು, ಎಂದು ಮಾತಾಡಿಕೊಳ್ಳುವುದು ರೂಢಿಯಾಯಿತು.

ಆಮೇಲೆ ಪದಗಳು ಬಿಟ್ಟುಹೋಗತೊಡಗಿದವು. ಅಕ್ಷರಗಳನ್ನು ಜೋಡಿಸುವ ಮಿದುಳಿನ ಭಾಗ ಸೂಕ್ಷ್ಮ, ಕಾಯಿಲೆ ಅದನ್ನು ಮೊದಲು ತಿನ್ನುತ್ತದೆ, ಒತ್ತು ಹುಟ್ಟುವ ಜಾಗ ಇನ್ನೂ ಆಳದಲ್ಲಿದೆ, ಅದು ಸ್ವಲ್ಪ ಕಾಲ ತಡೆಯುತ್ತದೆ ಎಂದು ಡಾಕ್ಟರ್ ಸುನಂದಾ ವಿವರಿಸಿದರು. ಹಾಗೇ ಆಯಿತು. ಒಂದು ದಿನ ಪದವಿಲ್ಲದೆ ಅಂಚು ಬಂತು. ಮೇಲೆ ಖಾಲಿ, ಕೆಳಗೆ ಗೆರೆ. ಗುರುಪಾದ ಸ್ಕ್ರಿಪ್ಟನ್ನು ತಿದ್ದಿ, ಪದಕ್ಕೆ ಕಾಯದೆ ಮಿಡಿತದ ಲೆಕ್ಕದಲ್ಲೇ ಅಂಚು ಎಳೆಯುವಂತೆ ಮಾಡಿದ. ಅವಳು ಎಷ್ಟು ಅಕ್ಷರದ ಮಾತು ಹೇಳಲು ಹೊರಟಿದ್ದಳು ಎನ್ನುವುದಾದರೂ ತಿಳಿಯಲಿ ಎಂದು. ಅಂಗಡಿ ಮುಚ್ಚಿ ಹೆಸರು ಅಳಿಸಿದ ಮೇಲೂ ಹಲಗೆಯ ಕೆಳಗಿನ ಅಂಚು ಉಳಿದ ಹಾಗಿತ್ತು ಆ ಪರದೆ.

ಮೆಂತಿ ಹೆಚ್ಚು ಬರತೊಡಗಿತು. ಒಂದು ಮಧ್ಯಾಹ್ನ ಬೆನ್ನುಬೆನ್ನಿಗೆ ಕತ್ತರಿ ಸಾಲುಗಳು. ಗುರುಪಾದ ದಿಂಬು ಸರಿಸಿದ, ಹೊದಿಕೆ ತೆಗೆದ, ನೀರು ಕುಡಿಸಿದ, ಕಿಟಕಿ ಹಾಕಿದ, ತೆರೆದ. ಸಾಲುಗಳು ನಿಲ್ಲಲಿಲ್ಲ. ವಾರದಿಂದ ನಿದ್ದೆಯಿಲ್ಲದ ಮನುಷ್ಯ ಒಮ್ಮೆಲೇ ಸಿಡಿದುಬಿಟ್ಟ. "ಏನ ಬೇಕು ಅಂತ ಬಾಯಿ ಬಿಟ್ಟು ಹೇಳಾಕ ಏನ ಆಗೈತಿ ನಿನಗ?" ಅಂದ. ಅಂದಾದ ಮೇಲೆ ತಾನು ಅಂದದ್ದು ಅವನ ಕಿವಿಗೇ ಬಿತ್ತು. ಪರದೆ ಖಾಲಿಯಾಯಿತು. ನಾಚಿಕೆಯಿಂದ ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ಎರಡು ದಿನ ಬಾಯಿ ಹೊಲಿದುಕೊಂಡವನಂತೆ ಕೆಲಸವನ್ನಷ್ಟೇ ಮಾಡಿದ. ಮೈ ಒರೆಸಿದ, ಮಗ್ಗುಲು ಬದಲಿಸಿದ, ತಪ್ಪಾಯಿತು ಎಂಬ ಒಂದು ಮಾತು ಮಾತ್ರ ಆಡಲಿಲ್ಲ.

ಮೂರನೆಯ ದಿನ ಅವನು ಕೇಂದ್ರದಲ್ಲಿದ್ದಾಗ ಗೋಡೆಯ ಮೇಲೆ ಅವಳ ಪರದೆಯಲ್ಲಿ ಹೊಸ ನಮೂನೆಯ ಸಾಲೊಂದು ಬಂತು.

--  --  --  --  --

ಗವಂತಿಯೇ, ಆದರೆ ನಡುನಡುವೆ ಹರಿದದ್ದು. ಒಂದು ಮಿಡಿತ ಇದೆ, ಮುಂದಿನದು ಇಲ್ಲ, ಮತ್ತೆ ಇದೆ. ಸ್ವಲ್ಪ ಹೊತ್ತಿಗೆ ಮತ್ತೊಂದು ಅಂಥದೇ ಸಾಲು. ಗುರುಪಾದ ಡಾಕ್ಟರರನ್ನು ಕರೆದು ತೋರಿಸಿದ. ಹರಳು ಹಣೆಗೆ ಸರಿಯಾಗಿ ತಾಗುತ್ತಿಲ್ಲವೇನೋ, ಇಲ್ಲವೇ ಆ ಭಾಗವೂ ಸೋಲತೊಡಗಿರಬಹುದು, ಎಂದು ಅವರು ಹೇಳಿದರು. ಅವನು ಮನೆಗೆ ಓಡಿ ಹರಳುಗಳನ್ನೆಲ್ಲ ಸ್ಪಿರಿಟ್ ಹಾಕಿ ಒರೆಸಿ ಮತ್ತೆ ಕಟ್ಟಿದ. ಮತ್ತೆ ಅದೇ ಹರಿದ ಸಾಲು. ಸರಿ, ಇಂಥ ತೊಂದರೆಗೆ ಕೇಂದ್ರದಲ್ಲಿ ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ. ಸಿಗ್ನಲ್ಲಿನಲ್ಲಿ ತೂತು ಕಂಡರೆ ಅಕ್ಕಪಕ್ಕ ನೋಡಿ ತುಂಬಿಬಿಡುವುದು ಅವರ ಕಸುಬಿನ ಚಟ. ಎರಡು ಗೆರೆಗಳ ನಡುವೆ ಖಾಲಿ ಬಂದರೆ ಅಲ್ಲೂ ಗೆರೆ ಹಾಕು ಎಂದು ಸ್ಕ್ರಿಪ್ಟಿಗೆ ಒಂದು ಸಾಲಿನ ತೇಪೆ ಹಚ್ಚಿದ. ಮುಂದಿನ ಸಲ ಅವಳ ಗೆರೆ ಪರದೆಯ ಮೇಲೆ ಒಂದೂ ತೂತಿಲ್ಲದೆ ಸುಂದರವಾಗಿ ಮೂಡಿತು. ಗುರುಪಾದನಿಗೆ ಸಮಾಧಾನವಾಯಿತು. ಇಷ್ಟಾದರೂ ಮಾಡಲು ಆಯಿತಲ್ಲ ಎಂದುಕೊಂಡ.

ಆ ಸುಂದರ ಗೆರೆಯ ಹಿಂದೆಯೇ ಮೆಂತಿ ಬಂತು. ಪರದೆಯ ಈ ತುದಿಯಿಂದ ಆ ತುದಿಗೆ ಕತ್ತರಿ. ಮತ್ತೆ ಒಂದು ಗವಂತಿ, ತೇಪೆ ಅದನ್ನು ಕೂಡಲೇ ತುಂಬಿತು, ಮತ್ತೆ ಮೆಂತಿ. ದಿನವಿಡೀ ಹೀಗೆ. ಮೇಲೆ ಪದವಿಲ್ಲ, ಸಿಟ್ಟೋ ನೋವೋ ಹೇಳುವವರಿಲ್ಲ. ಎಲ್ಲವನ್ನೂ ಕಳೆದುಕೊಂಡು ಮಲಗಿದ ಜೀವಕ್ಕೆ ಸಿಟ್ಟು ಎಲ್ಲಿಂದ ಬರಬೇಕು, ನೋವೇ ಇರಬೇಕು ಎಂದು ಗುರುಪಾದ ತೀರ್ಮಾನಿಸಿದ. ನೋವಿನ ಔಷಧ ಹೆಚ್ಚು ಮಾಡಿಸಿದ. ಮೆಂತಿ ಕಡಿಮೆಯಾಯಿತು. ಇನ್ನೂ ಹೆಚ್ಚು ಮಾಡಿಸಿದ. ಮೆಂತಿ ನಿಂತಿತು. ಗವಂತಿಯೂ ನಿಂತಿತು. ಶಿವಲೀಲಾ ಹಗಲೂ ರಾತ್ರಿ ಮಂಪರಿನಲ್ಲಿ ಬಿದ್ದಿರತೊಡಗಿದಳು, ಪರದೆಯ ಮೇಲೆ ವಾರಗಟ್ಟಲೆ ಒಂದು ಚುಕ್ಕೆಯೂ ಬರಲಿಲ್ಲ.

ಆಗ ಬೈಲಹೊಂಗಲದ ಕಡೆಯಿಂದ ಒಬ್ಬ ಬಾಣಂತಿಯ ಮನೆಯವರ ಪತ್ರ ಕೇಂದ್ರಕ್ಕೆ ಬಂತು. ಹೆರಿಗೆಯ ಹೊತ್ತಿಗೆ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಮಾತೂ ಮೈಯೂ ಹೋದ ಹುಡುಗಿ. ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ತಾಯಿ ಒಂದು ಹೆಸರು ಯೋಚಿಸಿಟ್ಟಿದ್ದಳಂತೆ, ತೊಟ್ಟಿಲಿಗೆ ಹಾಕುವ ದಿನ ಹೇಳುತ್ತೇನೆ ಎಂದು ಗುಟ್ಟು ಮಾಡಿದ್ದಳಂತೆ. ಡಾಕ್ಟರ್ ಸುನಂದಾ ಗುರುಪಾದನನ್ನು ಎದುರು ಕೂರಿಸಿಕೊಂಡು ಪತ್ರ ಓದಿದರು. ಗುರುಪಾದ ತಾನಾಗಿಯೇ, ಪಟ್ಟಿ ಆ ಹುಡುಗಿಗೆ ಕೊಡಿ, ಲೀಲಾ ಈಗ ಅದರ ಆಚೆ ಹೋಗಿದ್ದಾಳೆ, ಅಂದ. ಕಾಗದಕ್ಕೆ ಸಹಿ ಮಾಡಿ, ಪಟ್ಟಿ ಬಿಚ್ಚಿ, ಮಡಿಚಿ ಪೆಟ್ಟಿಗೆಯಲ್ಲಿಟ್ಟು ಕೊಟ್ಟ. ಮಡಿಚುವ ಕೆಲಸ ಅವನು ಯಾವಾಗಲೂ ನೀಟಾಗಿ ಮಾಡುತ್ತಿದ್ದ.

ಆ ವಾರ ಶಿವಲೀಲಾಳ ಅಕ್ಕ ಸಾವಕ್ಕ ನವಲಗುಂದದಿಂದ ಬಂದಳು. ಕಾಲೇಜಿನಲ್ಲಿ ಲೆಕ್ಕ ಕಲಿಸಿ ನಿವೃತ್ತಳಾದವಳು. ಇನ್ನು ಕೊನೆಯ ತನಕ ಇಲ್ಲೇ ಇರುತ್ತೇನೆ ಎಂದು ಚೀಲ ಇಳಿಸಿದಳು. ಸುಮ್ಮನೆ ಕೂರುವ ಜಾತಿಯಲ್ಲ. ಕಪಾಟು ತೆರೆದು, ತಂಗಿ ಅರ್ಧಕ್ಕೆ ಬಿಟ್ಟಿದ್ದ ಕಸೂತಿಯ ಬಟ್ಟೆಯೊಂದನ್ನು ಹುಡುಕಿ ತೆಗೆದು, ಮಂಚದ ಪಕ್ಕ ಬಿಸಿಲಿಗೆ ಕುಳಿತು ಮಡಿಕೆ ಬಿಡಿಸಿದಳು. ಗುರುಪಾದ ಅವಳಿಗೆ ಚಹಾ ಕೊಡಲು ಬಗ್ಗಿದವನು ಬಟ್ಟೆಯನ್ನು ನೋಡಿ ಹಾಗೇ ನಿಂತ. ಕೆಂಪು ಬಟ್ಟೆಯ ಅಂಚಿನುದ್ದಕ್ಕೂ ಹಳದಿ ದಾರದ ಗೆರೆ. ಒಂದು ಹೊಲಿಗೆ ಇದೆ, ಮುಂದಿನದು ಇಲ್ಲ, ಮತ್ತೆ ಇದೆ.

"ಅಕ್ಕಾರ, ಈ ಗೆರಿ ಎಲ್ಲಾ ಹರದಾವಲ್ಲ?" ಎಂದು ಕೇಳಿದ.

ಸಾವಕ್ಕ ತಲೆಯೆತ್ತದೆ ಹೇಳಿದಳು. "ಹರದಿಲ್ಲ ಗುರುಪಾದಪ್ಪನವರ. ಇದು ಹೋಗೂ ಸಾಲು. ಗವಂತಿ ಹಾಕೂವಾಗ ಹೋಗೂ ಮುಂದ ಒಂದು ಬಿಟ್ಟು ಒಂದು ಹಾಕಬೇಕು. ಆ ತುದಿ ಮುಟ್ಟಿ ತಿರುಗಿ ಬರೂ ಮುಂದ ಬಿಟ್ಟಿದ್ದನ್ನ ತುಂಬಬೇಕು. ಅಂದ್ರ ಎರಡೂ ಮೈ ಒಂದ ಥರ ಕಾಣತೈತಿ, ಗಂಟು ಇರೂದಿಲ್ಲ."

ಅವನು ಚಹಾ ಕೆಳಗಿಟ್ಟು ಬಟ್ಟೆಯ ಅಂಚನ್ನು ಕೈಗೆತ್ತಿಕೊಂಡ. ಸಾವಕ್ಕ ತಂಗಿಯ ಕಡೆ ನೋಡುತ್ತ, ಹಳೆಯದನ್ನು ನೆನೆದು ನಕ್ಕಳು. ಚಿಕ್ಕಂದಿನಲ್ಲಿ ಅಕ್ಕತಂಗಿಯರು ಜಗಳವಾಡಿ ಮಾತು ಬಿಟ್ಟರೆ ರಾಜಿಗೆ ಮೊದಲು ಬರುತ್ತಿದ್ದವಳು ಲೀಲಾನೇ ಅಂತೆ. ಬಾಯಿಬಿಟ್ಟು ತಪ್ಪಾಯಿತು ಎನ್ನುವ ಹೆಣ್ಣಲ್ಲ, ತಪ್ಪಾಯಿತು ಎನ್ನಿಸುವ ಹೆಣ್ಣೂ ಅಲ್ಲ. ಹೋಗುವ ಸಾಲು ಹಾಕಿ, ಬಟ್ಟೆಯನ್ನು ಸೂಜಿ ಸಮೇತ ತಂದು ಅಕ್ಕನ ತೊಡೆಯ ಮೇಲಿಟ್ಟು ನಿಲ್ಲುತ್ತಿದ್ದಳಂತೆ. ಬರುವ ಸಾಲನ್ನು ಅಕ್ಕ ತುಂಬಿಕೊಟ್ಟರೆ ಜಗಳ ಮುಗಿದ ಹಾಗೆ.

"ನಾ ಅರ್ಧಾ ಬಂದೀನಿ, ಇನ್ನರ್ಧಾ ನೀ ಬಾ ಅಂತ," ಅಂದಳು ಸಾವಕ್ಕ. "ನಮ್ಮ ಮನ್ಯಾಗ ಅಷ್ಟ ಇತ್ತು ಇದು, ಹೊರಗಿನವರಿಗೆ ಗೊತ್ತಿಲ್ಲ. ನಿಮಗೂ ಒಮ್ಮೆ ಕೊಟ್ಟಿದ್ಲಂತ, ನೀವು ಮಡಿಚಿ ಕಪಾಟಿನ್ಯಾಗ ಇಟ್ರಂತ. ಫೋನಿನ್ಯಾಗ ಹೇಳಿ ಹೇಳಿ ನಕ್ಕಿದ್ಲು."

ಈ ಸಲ ಗುರುಪಾದ ಸ್ನಾನದ ಮನೆಯ ತನಕ ಕಾಯಬೇಕಾಗಲಿಲ್ಲ, ಎಲ್ಲವೂ ಒಂದೇ ಸಲಕ್ಕೆ ಹೊಳೆಯಿತು. ತಾನು ಬಾಯಿಗೆ ಬಂದಂತೆ ಅಂದು ಮುಖ ತಪ್ಪಿಸಿಕೊಂಡು ತಿರುಗುತ್ತಿದ್ದಾಗ, ಎಲ್ಲ ಮಾತೂ ಕಳೆದುಕೊಂಡ ಅವಳು ತನ್ನಲ್ಲಿ ಉಳಿದಿದ್ದ ಒಂದೇ ಗೆರೆಯಿಂದ ರಾಜಿಗೆ ಬಂದಿದ್ದಳು. ಬೇಕೆಂದೇ ಒಂದು ಮಿಡಿತ ಒತ್ತಿ, ಒಂದನ್ನು ತಡೆದು, ಮತ್ತೆ ಒತ್ತಿ. ಅದಕ್ಕೆ ಎಷ್ಟು ತ್ರಾಣ ಬೇಕೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವಳು ಬಿಟ್ಟ ಜಾಗವನ್ನೆಲ್ಲ ಅವನ ತೇಪೆ ಕಣ್ಣು ಮಿಟುಕಿಸುವುದರೊಳಗೆ ತುಂಬಿತ್ತು. ಗಂಡ ಬರಲೆಂದು ಬಾಗಿಲು ತೆರೆದಿಟ್ಟರೆ ಯಂತ್ರ ಬಂದು ಬಾಗಿಲು ಹಾಕಿ ಹೋಗಿತ್ತು. ಅವಳು ರೇಗಿದಳು, ಯಾಕೆ ರೇಗಬಾರದು? ಅದಕ್ಕೆ ಅವನು ಔಷಧ ಕೊಟ್ಟು ಮಲಗಿಸಿಬಿಟ್ಟ. ಪ್ರೀತಿಯಿಂದಲೇ ಮಾಡಿದ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಪ್ರೀತಿಯನ್ನು ತೆಗೆದುಕೊಂಡು ಅವಳು ಏನು ಮಾಡಬೇಕಿತ್ತು?

ಡಾಕ್ಟರ್ ಸುನಂದಾ ಅವನು ಹೇಳಿದ್ದನ್ನೆಲ್ಲ ಕೇಳಿದರು. ನಂಬಿದರೋ ಇಲ್ಲವೋ, ಅವನ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. ಬೈಲಹೊಂಗಲದ ಹುಡುಗಿಗೆ ನಾಳೆ ಪಟ್ಟಿ ಕಟ್ಟಬೇಕು, ಅದು ಅವಳ ಮಾತು ಕಲಿಯತೊಡಗಿದರೆ ಶಿವಲೀಲಾಳದ್ದು ಅಳಿಸಿಹೋಗುತ್ತದೆ, ಆದ್ದರಿಂದ ಇವತ್ತು ಮಧ್ಯಾಹ್ನದಿಂದ ಸಂಜೆಯ ತನಕ ಮಾತ್ರ, ಎಂದರು. ಮಂಪರಿನ ಔಷಧ ಕೂಡಲೇ ನಿಲ್ಲಿಸಿದರು. ಗುರುಪಾದ ಸ್ಕ್ರಿಪ್ಟು ತೆರೆದು ತೇಪೆಯ ಆ ಒಂದು ಸಾಲನ್ನು ಅಳಿಸಿದ. ಪಟ್ಟಿ ಕಟ್ಟುವಾಗ ಸಾವಕ್ಕ ತಂಗಿಯ ತಲೆ ಎತ್ತಿ ಹಿಡಿದುಕೊಂಡಳು.

ಶಿವಲೀಲಾಳ ಕಣ್ಣು ತೆರೆದಿತ್ತು. ಗುರುಪಾದ ಪರದೆಯನ್ನು ಅವಳೆದುರಿಗೆ ಸರಿಸಿ, ಅವಳ ಕಣ್ಣಿಗೆ ಕಾಣುವ ಹಾಗೆ ಬಗ್ಗಿ ನಿಂತ.

"ಲೀಲಾ, ಅದು ಯಂತ್ರ ತುಂಬತಿತ್ತು, ನಾ ಅಲ್ಲ," ಅಂದ. "ನನಗ ತಿಳೀಲಿಲ್ಲ. ಅವತ್ತ ಹಂಗ ಅಂದಿದ್ದು ತಪ್ಪಾತು. ಇನ್ನೊಮ್ಮೆ ಹೋಗು, ನಾ ಬರ್ತೀನಿ."

ಪರದೆ ಖಾಲಿ. ಬಿಸಿಲು ಮಂಚದಿಂದ ಗೋಡೆಗೆ ಏರಿತು. ಸಾವಕ್ಕ ಕಸೂತಿಯ ಬಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ಸೂಜಿ ಮುಟ್ಟಿರಲಿಲ್ಲ. ಗುರುಪಾದ ಎದ್ದು ಹರಳುಗಳನ್ನು ಒರೆಸಲಿಲ್ಲ, ತಂತಿಗಳನ್ನು ಪರೀಕ್ಷಿಸಲಿಲ್ಲ. ಮೊದಲ ಸಲ ಅವನು ಏನೂ ಸರಿಪಡಿಸದೆ ಕುಳಿತಿದ್ದ. ಸಂಜೆಯಾಗುತ್ತ ಬಂದಾಗ ಹೊರಗೆ ಕೇಂದ್ರದ ಗಾಡಿ ಬಂದು ನಿಂತ ಸದ್ದು ಕೇಳಿತು. ಡಾಕ್ಟರ್ ಸುನಂದಾ ಒಳಗೆ ಬಂದು ಬಾಗಿಲ ಹತ್ತಿರವೇ ನಿಂತರು.

ಆಗ ಬಂತು.

--  --  --

ಮೂರೇ ಹೊಲಿಗೆ. ಅಷ್ಟರಲ್ಲಿ ನಿಂತಿತು. ಗುರುಪಾದ ಕೀಲಿಮಣೆಯನ್ನು ಎಳೆದುಕೊಂಡ. ಬಲಗಡೆಯ ತುದಿಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಬರತೊಡಗಿದ. ಒಂದು ಖಾಲಿ ಜಾಗ ತುಂಬಿದ. ಅವಳ ಕಣ್ಣು ನೋಡಿದ. ಇನ್ನೊಂದು ತುಂಬಿದ. ಅವಳು ಹೊರಟ ಜಾಗಕ್ಕೆ ಬಂದು ಮುಟ್ಟಿದ. ಗೆರೆ ಒಂದಾಯಿತು. ಅವಳ ಮುಖದ ಮೇಲೆ ಒಂದು ನರವೂ ಅಲುಗಲಿಲ್ಲ, ಅಲುಗುವಂತಿರಲಿಲ್ಲ. ಆದರೆ ಮುಂದಿನ ಸಾಲು ಖಾಲಿ ಬಿಟ್ಟು, ಅದರ ಕೆಳಗೆ, ಎಷ್ಟೋ ತಿಂಗಳಿಂದ ಕಾಣದಿದ್ದ ಮುರಗಿ ಮೂಡಿತು.

/\/\

ನಾಲ್ಕು ಗುರುತು. ಒಂದು ಅಕ್ಷರಕ್ಕೆ ಎರಡು, ಎರಡು ಅಕ್ಷರಕ್ಕೆ ನಾಲ್ಕು. ಮೇಲಿನ ಸಾಲಿನಲ್ಲಿ ಏನೂ ಇರಲಿಲ್ಲ. ಗುರುಪಾದ ಅದನ್ನು ಗಟ್ಟಿಯಾಗಿ ಓದಿದ, "ಶ್ಯಾಣ್ಯಾ" ಅಂದ, ಓದಿ ಅವಳ ಕೊರಳಲ್ಲಿ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತ. ಎರಡು ಅಕ್ಷರದ ಮಾತು ಲೋಕದಲ್ಲಿ ನೂರಾರಿವೆ ಎಂದು ಡಾಕ್ಟರ್ ಸುನಂದಾರಿಗೆ ಗೊತ್ತಿತ್ತು. ಆದರೆ ಅವರು ಕನ್ನಡಕ ತೆಗೆದು ಒರೆಸಿಕೊಂಡು ಅಂಗಳಕ್ಕೆ ಹೋಗಿ ನಿಂತರು.

ಪಟ್ಟಿಯನ್ನು ಅವನೇ ಬಿಚ್ಚಿದ. ಇನ್ನೊಂದು ದಿನ ಕೊಡಿ ಎಂದು ಕೇಳಬೇಕೆಂದು ಬಾಯಿ ತನಕ ಬಂದದ್ದನ್ನು ನುಂಗಿಕೊಂಡ. ಕೇಳಿದ್ದರೆ ಅವರು ಕೊಡುತ್ತಿದ್ದರೇನೋ. ಆದರೆ ಆ ಮಗುವಿಗೆ ಹೆಸರಿರಲಿಲ್ಲ, ಅದನ್ನು ಅವನು ಮರೆಯಲಾರದೆ ಹೋದ.

ಬೈಲಹೊಂಗಲದ ಹುಡುಗಿ ತಿಂಗಳು ಕಳೆಯುವುದರೊಳಗೆ ಮಗುವಿನ ಹೆಸರು ಹೇಳಿದಳು. ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಅದು ಮೂಡಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆಸರಿನ ಕೆಳಗೆ ಉದ್ದಕ್ಕೆ ಗವಂತಿ ಇತ್ತು. ಗುರುಪಾದನೂ ತಟ್ಟಿದ. ಅವನಿಗೆ ನಿಜವಾಗಿ ಸಂತೋಷವಾಗಿತ್ತು, ಆ ಸಂತೋಷದಲ್ಲೇ ಎದೆ ಒಡೆಯುತ್ತಿತ್ತು. ಒಬ್ಬ ಸಹೋದ್ಯೋಗಿ ಬಂದು, ಸ್ಟೇಷನ್ ಮಾಸ್ತರರ ಗೆರೆಗಳು ನಡುವೆ ಹರಿಯುತ್ತಿವೆ, ಹಿಂದೆ ಬರೆದಿದ್ದ ಆ ತೇಪೆ ಎಲ್ಲಿ ಎಂದು ಕೇಳಿದ. ತುಂಬಬ್ಯಾಡ್ರಿ, ಮೊದಲ ಅವರ ಮನಿಯವರನ್ನ ಕರೆಸಿ ತೋರಸ್ರಿ, ಎಂದ ಗುರುಪಾದ.

ಶಿವಲೀಲಾ ಬದುಕಿದ್ದಳು. ಕಾಯಿಲೆಗೆ ಅವಸರವಿರಲಿಲ್ಲ. ಮಂಚದ ಪಕ್ಕದಲ್ಲಿ ಪರದೆ ಇದ್ದ ಜಾಗ ಖಾಲಿಯಾಗಿತ್ತು, ಗೋಡೆಯ ಮೇಲೆ ಅದರ ಚೌಕದ ಗುರುತು ಉಳಿದಿತ್ತು. ಕೆಲಸದಿಂದ ಬಂದ ಕೂಡಲೇ ಗುರುಪಾದ ಅವಳ ಪಕ್ಕ ಕೂರುತ್ತಿದ್ದ. ಕಣ್ಣು ತೆರೆದೇ ಇರುತ್ತಿತ್ತು. ಈಗ ಹೋಗುವ ಸಾಲು ಹಾಕುತ್ತಿದ್ದಾಳೋ, ಹಾಕಿ ಮುಗಿಸಿ ಕಾಯುತ್ತಿದ್ದಾಳೋ, ಎಲ್ಲಿ ಎಷ್ಟು ಬಿಟ್ಟಿದ್ದಾಳೋ, ನೋಡುವ ದಾರಿ ಇರಲಿಲ್ಲ. ಅವನು ಅವಳ ಮುಂಗೈ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳ ತುದಿಯಿಂದ ಒಂದು ಬಿಟ್ಟು ಒಂದು ಒತ್ತುತ್ತ, ಮಣಿಕಟ್ಟಿನಿಂದ ಮೊಣಕೈಯ ಕಡೆಗೆ ಹಿಂದಕ್ಕೆ ಬರುತ್ತಿದ್ದ. ಸರಿಯಾದ ಜಾಗಕ್ಕೆ ಬೀಳುತ್ತಿತ್ತೋ ಇಲ್ಲವೋ, ಯಾರೂ ಹೇಳುವಂತಿರಲಿಲ್ಲ. ತುದಿ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ.

ಒಳಗಿನಿಂದ ಸಾವಕ್ಕ ಊಟಕ್ಕೆ ಕರೆದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆದಳು.

"ಬಂದೆ," ಅಂದ ಗುರುಪಾದ. ಯಾರಿಗೆ ಅಂದನೋ, ಅಲ್ಲಿಂದ ಎದ್ದು ಮಾತ್ರ ಹೋಗಲಿಲ್ಲ.